ಮಂಗಳವಾರ ಹೊರಡದ ಗಾಡಿ

ಹಾಲು ಉಕ್ಕಿ ಸೀದ ವಾಸನೆ ಬಂದರೆ ನಮ್ಮ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಇಂಥ ಮನೆ ಇನ್ನೊಂದು ಇರಲಿಕ್ಕಿಲ್ಲ. ಮೊನ್ನೆ ಬೆಳಿಗ್ಗೆ ದೇವರಿಗೆ ಹೂಬತ್ತಿ ಹೊಸೆಯುತ್ತ ಕುಳಿತವಳು ಒಲೆಯ ಕಡೆ ನೋಡುವುದನ್ನೇ ಮರೆತೆ. ಹಾಲೆಲ್ಲ ಹರಿದು ಬರ್ನರಿನ ಮೇಲೆ ಕರಿ ಹಿಡಿಯಿತು. ನಡುಮನೆಯಿಂದ ಅತ್ತೆ ಕೇಳಿದರು, "ರಮಾ, ನೀಲಿ ಗ್ರಹ ಬಂತೇನು?"

ಇಬ್ಬರೂ ನಕ್ಕೆವು. ಆಮೇಲೆ ಬರ್ನರ್ ತಿಕ್ಕುತ್ತ ಕುಳಿತಾಗ ಆ ಮಳೆಗಾಲ ಪೂರ್ತಿ ಒಂದು ಸುತ್ತು ಮನಸ್ಸಿನಲ್ಲಿ ಬಂದು ಹೋಯಿತು. ದೊಡ್ಡ ಸಂಗತಿಯೇನೂ ಅಲ್ಲ. ಆದರೂ ದೇವರು ಕೊಟ್ಟದ್ದನ್ನು ಒಮ್ಮೆ ಎಣಿಸಿ ನೋಡಬೇಕು ಎನ್ನುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಆ ವರ್ಷ ಆಷಾಢದಲ್ಲಿ ನಮ್ಮ ಮನೆಯ ಇಬ್ಬರು ಒಂದೇ ಕೋಣೆ ಹಿಡಿದು ಮಲಗಿದರು. ಒಬ್ಬಳು ಮಗಳು ಪಲ್ಲವಿ. ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದಳು. ಗೊಳಸಂಗಿಯ ಗೆಳತಿಯ ಮನೆಗೆ ಸ್ಕೂಟಿಯ ಮೇಲೆ ಹೋಗಿ ಬರುವಾಗ ಎರಿ ಮಣ್ಣಿನ ರಾಡಿಯಲ್ಲಿ ಜಾರಿ ಎಡಗಾಲು ಮುರಿದುಕೊಂಡಳು. ತಲೆಗೆ ಪೆಟ್ಟಾಗಲಿಲ್ಲ, ಮುಖಕ್ಕೆ ಗೆರೆಯೂ ಬೀಳಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನವೇ ನಾನು ರಾಯರಿಗೆ ತುಪ್ಪದ ದೀಪ ಹಚ್ಚಿದೆ.

ಇನ್ನೊಬ್ಬರು ಅತ್ತೆ, ರುಕ್ಮಿಣಿಬಾಯಿ. ಅವರಿಗೆ ಕಣ್ಣಿನ ಕಾಚಬಿಂದು, ಡಾಕ್ಟರ ಮಾತಿನಲ್ಲಿ ಗ್ಲಾಕೋಮಾ. ಮೋತಿಬಿಂದು, ಅಂದರೆ ಪೊರೆ, ಆದರೆ ತೆಗೆದು ಮಸೂರ ಹಾಕುತ್ತಾರೆ, ಮತ್ತೆ ಕಾಣುತ್ತದೆ. ಕಾಚಬಿಂದು ಹಾಗಲ್ಲ, ಸುತ್ತಲಿನಿಂದ ಒಳಕ್ಕೆ ತಿನ್ನುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ವಿಜಯಪುರದ ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಬಲಗಣ್ಣು ಮುಗಿದಿದೆ, ಎಡಗಣ್ಣಿನ ನಡುವೆ ಕಿಂಡಿಯಷ್ಟು ಬೆಳಕು ಉಳಿದಿದೆ, ಆಪರೇಶನ್ ಮಾಡಿದರೆ ಅದು ಉಳಿದೀತು, ತಡ ಮಾಡಿದರೆ ಅದೂ ಹೋಗುತ್ತದೆ.

ಅತ್ತೆ ಒಪ್ಪಲಿಲ್ಲ. ಒಪ್ಪುವುದಿಲ್ಲ ಎಂದೂ ಹೇಳಲಿಲ್ಲ. "ಈಗ ಆಷಾಢ, ಮುಂದ ನೋಡೂಣು" ಎಂದರು. ಮುಂದೆ ಶ್ರಾವಣ ಬಂದಾಗ, "ಶ್ರಾವಣದಾಗ ದೇವರ ಮನಿ ಬಿಟ್ಟು ದವಾಖಾನಿ ಸೇರಲೇನು?" ಎಂದರು. ಪಂಚಾಂಗದಲ್ಲಿ ಅವರಿಗೆ ಬೇಕಾದ ಕಾರಣ ಯಾವಾಗಲೂ ಒಂದು ಸಿಗುತ್ತಿತ್ತು. ನನಗೆ ಗೊತ್ತಿತ್ತು, ಕಾರಣ ಪಂಚಾಂಗದ್ದಲ್ಲ. ಅಂಗಳದಲ್ಲಿ ಚುಕ್ಕಿಯಿಂದ ಚುಕ್ಕಿಗೆ ಎಳೆ ತಪ್ಪದ ಹಾಗೆ ರಂಗೋಲಿ ಹಾಕುತ್ತಿದ್ದವರು. ಒಂದು ಮುಂಜಾನೆ ಎಳೆ ತಪ್ಪಿ ತುಳಸಿಕಟ್ಟೆಯ ಮೇಲೆಯೇ ಹೋಯಿತು. ಹಿಟ್ಟಿನ ಬಟ್ಟಲು ನನ್ನ ಕೈಗೆ ಕೊಟ್ಟು ಒಳಗೆ ಹೋದವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಎಡಗಣ್ಣಿಗೆ ಕಾಣುತ್ತಿದ್ದರೂ ತೆರೆಯುತ್ತಿರಲಿಲ್ಲ.

"ಅರ್ಧಾ ಕಂಡು ಏನು ಮಾಡೂದದ?" ಎಂದು ಒಮ್ಮೆ ನನ್ನೆದುರು ಅಂದರು. "ಪೂರಾ ಕತ್ತಲಾದ್ರ ಮನಸ್ಸರೆ ಗಟ್ಟಿ ಆಗ್ತದ."

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ತರಗತಿಯಲ್ಲಿ ಹುಡುಗರನ್ನು ಹೆದರಿಸುವ ಇವರು ತಾಯಿಯ ಮುಂದೆ ಒಂದು ಮಾತು ಗಟ್ಟಿಯಾಗಿ ಆಡಲಾರರು. ಹೀಗೆ ದಿನ ಹೋಗುತ್ತಿತ್ತು, ಒಳಗೆ ಆ ಕಿಂಡಿ ಸಣ್ಣದಾಗುತ್ತಿತ್ತು. ನಾನು ಮಡಿಯುಟ್ಟು ಅಡಿಗೆ ಮಾಡುತ್ತ, ಅತ್ತೆಗೆ ಹನಿ ಔಷಧ ಹಾಕುತ್ತ, ಮಗಳ ಕಾಲ ಕೆಳಗಿನ ದಿಂಬು ಸರಿಪಡಿಸುತ್ತ ಆ ಕೋಣೆಗೂ ಅಡಿಗೆಮನೆಗೂ ತಿರುಗುತ್ತಿದ್ದೆ.

ಪಲ್ಲವಿಗೆ ಬೇಸರ ಕಳೆಯಲು ಇದ್ದದ್ದು ಅವಳ ಲ್ಯಾಪ್‌ಟಾಪ್. ಅದರಲ್ಲಿ ಒಂದು ಆಟ. ಆಟವೆಂದರೆ ಹೊಡೆಯುವುದು ಬಡಿಯುವುದು ಅಂದುಕೊಂಡಿದ್ದೆ. ಇದು ಬೇರೆ ತರಹದ್ದು. ಒಂದು ಸಣ್ಣ ಆಕಾಶನೌಕೆಯಲ್ಲಿ ಕುಳಿತು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಬೇಕು. ಪ್ರತಿ ನಕ್ಷತ್ರದ ಸುತ್ತ ಯಾವ ಯಾವ ಗ್ರಹಗಳಿವೆ ಎಂದು ಯಂತ್ರ ತಿರುಗಿಸಿ ಹುಡುಕಬೇಕು. ಅಷ್ಟೇ. ಆ ಹುಡುಕುವ ಯಂತ್ರಕ್ಕೆ ಸ್ಕ್ಯಾನರ್ ಎನ್ನುತ್ತಾರೆ. ಅದನ್ನು ತೆರೆದರೆ ಹೊರಗಿನದು ಏನೂ ಕಾಣುವುದಿಲ್ಲ. ಪರದೆಯ ತುಂಬ ನೀಲಿ ಕತ್ತಲೆ, ನಡುವೆ ಒಂದು ದುಂಡು ಗುರುತು, ಕೆಳಗೆ ಹಳೆಯ ರೇಡಿಯೋದಲ್ಲಿ ಇರುತ್ತಿತ್ತಲ್ಲ, ಅಂಥ ಒಂದು ಕಡ್ಡಿ. ಕಡ್ಡಿಯನ್ನು ಅತ್ತಿತ್ತ ಸರಿಸುತ್ತ ಹೋದರೆ ಎಲ್ಲೋ ಒಂದು ಕಡೆ ಗುಂಯ್ ಎಂದು ಸದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ ದುಂಡು ಗುರುತನ್ನು ಅದರ ಮೇಲೆ ತಂದರೆ ಗ್ರಹ ಎದುರಿಗೆ ಬಂದು ನಿಲ್ಲುತ್ತದೆ.

ಒಂದು ಮಧ್ಯಾಹ್ನ ಪಲ್ಲವಿ ಹೀಗೆಯೇ ಸರಿಸುತ್ತಿದ್ದಳು. ನಾನು ನೆಲದ ಮೇಲೆ ಕುಳಿತು ಹೆಸರುಬೇಳೆ ಆರಿಸುತ್ತಿದ್ದೆ. ಗೋಡೆಯ ಕಡೆಯಿಂದ ಅತ್ತೆಯ ದನಿ ಬಂತು.

"ಏ ಪಲ್ಲವಿ, ಸ್ಟೇಶನ್ ಹತ್ತಿತ್ತು. ಯಾಕ ಮುಂದ ಹೋದಿ?"

"ಯಾವ ಸ್ಟೇಶನ್, ಅಜ್ಜಿ?"

"ಈಗ ದಾಟಿದೆಲ್ಲ, ಅದು. ಹಿಂದಕ್ಕ ತಿರುಗಿಸು. ಸಾವಕಾಶ. ಅವಸರ ಮಾಡಬ್ಯಾಡ. ಹಾಂ, ನಿಲ್ಲು."

ಪಲ್ಲವಿ ನಿಲ್ಲಿಸಿದಳು. ಅಲ್ಲಿ ನಿಜವಾಗಿಯೂ ಒಂದು ಗ್ರಹ ಇತ್ತು, ಮಂಜುಗಡ್ಡೆಯದು, ಬಹಳ ಸಣ್ಣದು. ಅದರ ಸದ್ದು ನನ್ನ ಕಿವಿಗೂ ಬಿದ್ದಿರಲಿಲ್ಲ, ಅವಳ ಕಿವಿಗೂ ಬಿದ್ದಿರಲಿಲ್ಲ.

ಅತ್ತೆಯ ತವರು ಇಂಡಿ ತಾಲೂಕಿನ ತಾಂಬಾ. ಊರಿಗೆ ಮೊದಲು ರೇಡಿಯೋ ತಂದವರು ಅವರ ತಂದೆಯಂತೆ. ಅದರ ತಿರುಗಣಿ ಮುಟ್ಟುವ ಹಕ್ಕು ಮನೆಯಲ್ಲಿ ಇಬ್ಬರಿಗೇ, ತಂದೆಗೆ ಮತ್ತು ಅತ್ತೆಗೆ. ಮಾತು ಕೇಳುವ ಮೊದಲೇ, ಬರೀ ಗೊರಗೊರ ಸದ್ದಿನಲ್ಲೇ ಧಾರವಾಡ ಯಾವುದು, ಪುಣೆ ಯಾವುದು ಎಂದು ಹೇಳುತ್ತಿದ್ದರಂತೆ. ಇದನ್ನೆಲ್ಲ ಅವರು ಆ ಮಧ್ಯಾಹ್ನ ಹೇಳಿದರು. ಎಷ್ಟೋ ದಿನಗಳ ಮೇಲೆ ಔಷಧ, ನೋವು ಬಿಟ್ಟು ಬೇರೆ ಮಾತು ಅವರ ಬಾಯಿಂದ ಬಂದಿತ್ತು. ಬೇಳೆಯ ಮೊರ ಪಕ್ಕಕ್ಕಿಟ್ಟು ನಾನು ಸುಮ್ಮನೆ ಕೇಳಿದೆ.

ಅಲ್ಲಿಂದ ಅದೇ ರೂಢಿಯಾಯಿತು. ಮಡಿಯಲ್ಲಿರುವಾಗ ನಾನೂ ಅತ್ತೆಯೂ ಲ್ಯಾಪ್‌ಟಾಪ್ ಮುಟ್ಟುವ ಹಾಗಿಲ್ಲ. ಆದ್ದರಿಂದ ಎಲ್ಲರ ಊಟವಾಗಿ, ಗೋಮಯ ಬಳಿದು, ಸೀರೆ ಬದಲಿಸಿದ ಮೇಲೆ ನಮ್ಮ ಹುಡುಕಾಟ. ಪಲ್ಲವಿ ನೋವಿನ ಗುಳಿಗೆ ತಗೊಂಡು ನಿದ್ದೆಹೋದರೆ ಅತ್ತೆ ನನ್ನನ್ನು ಕರೆಯುತ್ತಿದ್ದರು. "ರಮಾ, ಆ ಸ್ಟೇಶನ್ ತಿರುಗಿಸು ಬಾ." ನಾನು ತಿರುಗಿಸುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಪ್ರತಿ ಜಾತಿಯ ಗ್ರಹಕ್ಕೂ ಒಂದೊಂದು ಸದ್ದು. ಅವರ ಲೆಕ್ಕದಲ್ಲಿ ಬರಿ ಕಲ್ಲಿನದಾದರೆ ಮೊರದಲ್ಲಿ ಜೋಳ ಕೇರಿದ ಹಾಗೆ. ಮಂಜಿನದಾದರೆ ಹಿತ್ತಾಳೆ ತಾಟಿನ ಅಂಚಿಗೆ ಉಗುರು ತಾಗಿದ ಹಾಗೆ. ಹೊಗೆಯಿಂದಲೇ ಆದ ದೊಡ್ಡ ಗ್ರಹಗಳಿರುತ್ತವಲ್ಲ, ಅವು ಹಿಟ್ಟಿನ ಗಿರಣಿ ದೂರದಿಂದ ಕೇಳಿದ ಹಾಗೆ. ನಾನು ಪರದೆ ನೋಡಿ ಹೇಳುವ ಮೊದಲೇ ಅವರು ಹೇಳಿರುತ್ತಿದ್ದರು. ತಪ್ಪಿದ್ದು ಕಡಿಮೆ.

"ನೀವೂ ಒಂದೀಟು ನೋಡ್ರಿ, ಅತ್ಯಾ. ಬಣ್ಣ ಛಂದ ಅದ" ಎಂದರೆ ಮಾತ್ರ, "ನೀ ನೋಡು, ನಾ ಕೇಳ್ತೇನಿ" ಎಂದು ಮುಗಿಸುತ್ತಿದ್ದರು. ಆಪರೇಶನ್ ಮಾತು ತೆಗೆದರೆ ಮತ್ತೆ ಗೋಡೆಯ ಕಡೆ ಮುಖ.

ಪಕ್ಕದ ಮನೆಯ ಶಾಂತವ್ವ ಕರಿಬೇವು ಕೊಡಲು ಬಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ, ಅತ್ತಿ ಸೊಸಿ ಕೂಡಿ ಕಂಪ್ಯೂಟರ್ ಕ್ಲಾಸ್ ಹಚ್ಚೀರೇನು?"

"ನೀರು ಇದ್ದ ಗ್ರಹ ಹುಡುಕ್ಲಿಕತ್ತೇವಿ" ಎಂದರು ಅತ್ತೆ.

"ಈ ಊರಾಗ ಬೋರ್ ಹೊಡಿಸಿದ್ರ ನೀರು ಬೀಳವಲ್ದು, ನೀವು ಮ್ಯಾಲ ಹುಡುಕಾಕತ್ತೀರಿ. ಬಿದ್ರ ನಮಗೂ ಎರಡು ಕೊಡಾ ಬಿಡ್ರಿ."

"ಪೈಪ್ ನೀನs ತರಬೇಕು ನೋಡವಾ" ಎಂದರು ಅತ್ತೆ. ಶಾಂತವ್ವ ನಗುತ್ತ ಹೋದಳು. ಅತ್ತೆ ಹಾಸ್ಯದ ಮಾತಾಡಿದ್ದನ್ನು ಸಂಜೆ ನಾನು ಇವರಿಗೆ ಹೇಳಿದೆ. ಇವರು ನಂಬಲಿಲ್ಲ.

ಹೆಸರಿನ ಪ್ರಸಂಗ ಬಂದದ್ದು ನಾಗರ ಪಂಚಮಿಯ ಹೊತ್ತಿಗೆ. ಯಾರೂ ಹೋಗದ ಕಡೆ ಹೋಗಿ, ಮೊದಲು ನೋಡಿದವರು ನಾವೇ ಆದರೆ, ಆ ಗ್ರಹದ ಕೆಳಗೆ ನಮ್ಮ ನೌಕೆಯ ಒಡೆಯರ ಹೆಸರು ಬೀಳುತ್ತದಂತೆ. ಆಟ ಆಡುವ ಪ್ರಪಂಚದ ಜನರೆಲ್ಲ ಅದನ್ನು ನೋಡಬಹುದಂತೆ. ಪಲ್ಲವಿ ಅದಕ್ಕೆಂದೇ ಹೊಸ ನೌಕೆ ತೆಗೆದುಕೊಂಡಳು.

"ಅಜ್ಜಿ, ಕಿವಿ ನಿಂದು, ಹೆಸರೂ ನಿಂದs ಹಾಕ್ತೇನಿ. ರುಕ್ಮಿಣಿ ಅಂತ ಹಾಕಲೇನು?"

ಅತ್ತೆ ಗೋಡೆಯಿಂದ ಈ ಕಡೆ ಹೊರಳಿದರು. "ಚಂಪಾ ಅಂತ ಹಾಕು."

ಬಾಗಿಲ ಬಳಿ ಪೇಪರ್ ತಿದ್ದುತ್ತಿದ್ದ ಇವರು ತಲೆಯೆತ್ತಿದರು. "ಚಂಪಾ ಯಾರು, ಅವ್ವಾ?"

"ನಾನು."

ನಮ್ಮಲ್ಲಿ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡನ ಕೈಯಲ್ಲಿ ಉಂಗುರ ಹಿಡಿಸಿ, ಹೊಸ ಹೆಸರು ಬರೆಸುತ್ತಾರೆ. ನನ್ನದನ್ನೂ ಹಾಗೆಯೇ ಬರೆಸಿದರು. ಆ ಅಕ್ಕಿ ಮರುದಿನ ಪಾಯಸಕ್ಕೆ ಹೋಗುತ್ತದೆ, ಹಳೆಯ ಹೆಸರು ತವರಿನಲ್ಲಿ ಕರೆಯುವವರು ಇರುವವರೆಗೆ ಇರುತ್ತದೆ. ಅತ್ತೆಯ ತವರಿನಲ್ಲಿ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ತಲೆ ನರೆತ ಇವರಿಗೆ ತಾಯಿಯ ಹುಟ್ಟು ಹೆಸರು ಅಂದೇ ಗೊತ್ತಾದದ್ದು. ಇವರು ಕೆಂಪು ಪೆನ್ನಿನ ಟೋಪಿ ಹಾಕಿ, ಮತ್ತೆ ತೆಗೆದು, ಅದೇ ಪೇಪರನ್ನು ಇನ್ನೊಮ್ಮೆ ತಿದ್ದತೊಡಗಿದರು.

ಪಲ್ಲವಿ ಆಗಲೇ ಒಂದು ಮಾತು ಸ್ಪಷ್ಟ ಹೇಳಿದ್ದಳು. "ಅಜ್ಜಿ, ಆಯೀ, ಇಬ್ರೂ ಕೇಳ್ರಿ. ನೋಡಿದ್ದೆಲ್ಲಾ ಗಾಡಿ ಒಳಗ ಇರ್ತದ. ತಿರುಗಿ ಬಂದು ಗಾಡಿ ನಿಲ್ಲೂ ಸ್ಟೇಶನ್‌ದಾಗ ಒಪ್ಪಿಸಿದ ಮ್ಯಾಲ ಹೆಸರು ಬೀಳೂದು. ಹಾದ್ಯಾಗ ಗಾಡಿ ಒಡೀತಂದ್ರ ಎಲ್ಲಾ ಹೋತು. ನೋಡಿದ್ದು ನೋಡಧಂಗs ಆಗ್ತದ."

"ಬಸ್ ಸ್ಟ್ಯಾಂಡಿಗೆ ಬಂದು ಮುಟ್ಟಬೇಕು ಅನ್ನು" ಎಂದರು ಅತ್ತೆ. ಆಮೇಲೆ ನಮ್ಮ ಮನೆಯಲ್ಲಿ ಆ ಜಾಗಕ್ಕೆ ಸ್ಟ್ಯಾಂಡ್ ಎಂದೇ ಹೆಸರಾಯಿತು, ನೌಕೆಗೆ ಗಾಡಿ.

ಗಾಡಿ ಶ್ರಾವಣ ಪೂರ್ತಿ ದೂರ ದೂರ ಹೋಯಿತು. ಹೊರಗೆ ಮಳೆ ಹಿಡಿದಿತ್ತು. ಹೊಲಗಳಲ್ಲಿ ತೊಗರಿ ಮೊಳಕಾಲೆತ್ತರ ಬಂದಿತ್ತು, ಓಣಿಯ ರಾಡಿಯಲ್ಲಿ ಚಪ್ಪಲಿ ಕಿತ್ತು ಬರುತ್ತಿತ್ತು. ಒಳಗೆ ನಾವು ಮೂವರೂ ಯಾರೂ ಕಾಣದ ನಕ್ಷತ್ರಗಳ ನಡುವೆ ಇದ್ದೆವು. ಒಂದು ಮಧ್ಯಾಹ್ನ ನಾನು ಕಡ್ಡಿ ಸರಿಸುವಾಗ ಅದುವರೆಗೆ ಕೇಳದ ಸದ್ದೊಂದು ಬಂತು. ತಾಮ್ರದ ಕೊಡಕ್ಕೆ ನೀರು ತುಂಬುವಾಗ ಕೆಳಗಿದ್ದಾಗ ದಪ್ಪ, ಕೊರಳಿಗೆ ಬಂದಂತೆ ಸಣ್ಣ, ಹಾಗೆ ಏರುತ್ತ ಹೋಗುವ ಸದ್ದು.

ಅತ್ತೆ ಎದ್ದು ಕುಳಿತರು. "ನೀರು" ಎಂದರು.

ನೀರೇ. ಇಡೀ ಗ್ರಹ ನೀಲಿ, ಮೇಲೆ ಅರಳೆಯಂಥ ಮೋಡ. ಪಲ್ಲವಿ ಪರದೆಯಲ್ಲಿ ಬಂದದ್ದನ್ನು ಓದಿದಳು. ನಮಗಿಂತ ಮೊದಲು ಅದನ್ನು ಯಾರೂ ನೋಡಿರಲಿಲ್ಲ. ಅತ್ತೆ ಕೈ ಜೋಡಿಸಿದರು. ಆಟಕ್ಕೆ ಕೈ ಮುಗಿಯುತ್ತಾರೇನು ಎಂದು ನನಗೆ ಅನ್ನಿಸಲಿಲ್ಲ. ಗಂಗೆ ಎಲ್ಲಿದ್ದರೂ ಗಂಗೆ. ಆ ದಿನವೂ ಅವರು ಕಣ್ಣು ತೆರೆಯಲಿಲ್ಲ. "ಹೆಸರು ಬಿದ್ದ ಮ್ಯಾಲ ನೋಡೂಣಂತ" ಎಂದರು. ಅಷ್ಟಾದರೂ ಅಂದರಲ್ಲ ಎಂದು ನಾನು ಸಮಾಧಾನಪಟ್ಟೆ.

ಗಣಪತಿ ಹಬ್ಬ ಮುಗಿಯುವಾಗ ಪಲ್ಲವಿಯ ಪ್ಲಾಸ್ಟರ್ ತೆಗೆದಿದ್ದರು. ಕೋಲು ಹಿಡಿದು ಅಡ್ಡಾಡುತ್ತಿದ್ದಳು. ಗಾಡಿಯನ್ನು ದಿನ ಸ್ವಲ್ಪ ಸ್ವಲ್ಪ ತಿರುಗಿಸಿಕೊಂಡು ಬರುತ್ತಿದ್ದಳು. ಒಂದು ಸೋಮವಾರ, ಸ್ಟ್ಯಾಂಡಿಗೆ ಇನ್ನು ಮೂರು ಜಿಗಿತ, ಅಂದರೆ ಮೂರು ನಕ್ಷತ್ರ, ಇದೆ ಎನ್ನುವಾಗ ಮಳೆಗೆ ಕರೆಂಟ್ ಹೋಯಿತು. ಬಂದದ್ದು ಮಂಗಳವಾರ ಬೆಳಿಗ್ಗೆ.

ಮಂಗಳವಾರ ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದಳು. ಅತ್ತೆ, "ಇವತ್ತು ಬ್ಯಾಡ" ಎಂದರು.

"ಯಾಕ, ಅಜ್ಜಿ? ಅರ್ಧಾ ತಾಸಿನ ಕೆಲಸ ಅದ."

"ಗಾಡಿ ಯಾರ ಹೆಸರಿಲೆ ಅದ?"

"ಚಂಪಾ."

"ಚಂಪಾ ಮನಿ ಮಗಳು. ಮಂಗಳವಾರ ಮನಿ ಮಗಳನ್ನ ಹೊರಡಸೂದಿಲ್ಲ."

"ಆಕಿ ಹೊರಡ್ಲಿಕತ್ತಿಲ್ಲ, ಅಜ್ಜಿ, ಮನಿಗೆ ಬರ್ಲಿಕತ್ತಾಳ."

"ಹೊರಟ್ರ ಅಲ್ಲ ಬರೂದು?"

ಪಲ್ಲವಿ ನನ್ನ ಕಡೆ ನೋಡಿದಳು. ನನಗೂ ಅತ್ತೆಯ ಮಾತು ಸರಿಯೆನ್ನಿಸಿತ್ತು. ಅವಳ ಕಾಲೇಜು ಅಂದೇ ಶುರುವಾಗಿತ್ತು. ಕಾಲು ಮುರಿದುಕೊಂಡು ಎದ್ದ ಹುಡುಗಿಯನ್ನು ಮಂಗಳವಾರ ಬಸ್ ಹತ್ತಿಸುವುದು ಬೇಡವೆಂದು ನಾವೇ ಅವಳನ್ನೂ ನಿಲ್ಲಿಸಿಕೊಂಡಿದ್ದೆವು. ಮಗಳಿಗೊಂದು, ಗಾಡಿಗೊಂದು ನ್ಯಾಯ ಹೇಗಾದೀತು? "ಇರಲಿ ಬಿಡು, ಒಂದು ದಿನದಾಗ ಏನಾಗ್ತದ" ಎಂದೆ.

ಬುಧವಾರ ಮುಂಜಾನೆಯ ಬಸ್ಸಿಗೆ ಅವಳು ವಿಜಯಪುರಕ್ಕೆ ಹೊರಟಳು. ಲ್ಯಾಪ್‌ಟಾಪನ್ನು ನಮಗೇ ಬಿಟ್ಟಳು. ಹೊರಡುವಾಗ ನನಗೆ ಮೂರು ಜಿಗಿತ ಹೇಗೆ ಹಾರಬೇಕು, ಹೇಗೆ ಇಳಿಸಬೇಕು ಎಂದು ತೋರಿಸಿ, ಒಂದು ಮಾತು ಎರಡೆರಡು ಸಲ ಹೇಳಿದಳು. "ಆಯೀ, ಪ್ರತಿ ಜಿಗಿತಕ್ಕೂ ಗಾಡಿ ನಕ್ಷತ್ರದ ಮುಂದs ಹೋಗಿ ನಿಲ್ತದ. ಮೊದಲು ಮುಖ ತಿರುಗಿಸು. ಆಮ್ಯಾಲ ಉಳಿದದ್ದು."

ಗುರುವಾರ ರಾಯರ ದಿನ. ಪೂಜೆ ಮುಗಿಸಿ, ಊಟ ಮುಗಿಸಿ, ರಾಹುಕಾಲ ದಾಟಲು ಕಾದು, ನಾನು ಕುಳಿತೆ. ಮೊದಲ ಜಿಗಿತ ಸರಿಯಾಯಿತು. ಎರಡನೆಯದೂ ಆಯಿತು, ಗಾಡಿ ಒಂದು ಕೆಂಪು ನಕ್ಷತ್ರದ ಮುಂದೆ ಹೋಗಿ ನಿಂತಿತು. ಆಗ ಅತ್ತೆ ಅಂದರು, "ರಮಾ, ಇಲ್ಲೀ ಸ್ಟೇಶನ್ ಒಂದು ಸಲ ತಿರುಗಿಸಿಬಿಡು. ಬಂದ ಕಡೆ ಕೇಳದ ಹೋಗೂದು ಛಲೋ ಅಲ್ಲ."

ಇಷ್ಟು ದಿನ ನಾನು ಮಾಡಿದ ಕೆಲಸ ಅದೊಂದೇ. ಗಾಡಿಯ ಮುಖ ತಿರುಗಿಸುವ ಮೊದಲೇ ಕೈ ತಾನಾಗಿಯೇ ಸ್ಕ್ಯಾನರ್ ತೆರೆಯಿತು. ನೀಲಿ ಕತ್ತಲೆ ಬಂತು, ಕಡ್ಡಿ ಬಂತು. ಒಂದು ಕಲ್ಲಿನದು ಸಿಕ್ಕಿತು, ಒಂದು ಗಿರಣಿ ಸಿಕ್ಕಿತು. ಹೊರಗೆ ಗಾಡಿ ತನ್ನಷ್ಟಕ್ಕೆ ನಕ್ಷತ್ರದ ಕಡೆ ಸರಿಯುತ್ತಿದ್ದುದು ಆ ಪರದೆಯಲ್ಲಿ ಕಾಣುವುದಿಲ್ಲ. ಆಮೇಲೆ ಟೊಂಯ್ ಟೊಂಯ್ ಎಂದು ಬೇರೆಯದೇ ಸದ್ದು ಬಂತು.

"ಇದು ಯಾವ ಸ್ಟೇಶನ್?" ಎಂದು ಅತ್ತೆ ಕಿವಿಗೊಟ್ಟರು. "ಇದನ್ನ ಕೇಳೇ ಇಲ್ಲ."

ನಾನೂ ಹೊಸ ಗ್ರಹವೆಂದು ಕಡ್ಡಿ ಸರಿಸಿ ಹುಡುಕಿದೆ. ಅದು ನಕ್ಷತ್ರದ ಬಿಸಿಗೆ ಗಾಡಿ ಕಾದು ಕೂಗುತ್ತಿದ್ದ ಸದ್ದು. ಗೊತ್ತಾಗಿ ಹೊರಗೆ ಬರುವಷ್ಟರಲ್ಲಿ ಪರದೆಯ ತುಂಬ ಕೆಂಪು. ಗಾಜು ಒಡೆದ ಶಬ್ದ. ಆಮೇಲೆ ಏನೂ ಇಲ್ಲ.

ಆಟ ದಯಾಳು, ಹೊಸ ಗಾಡಿ ಕೊಟ್ಟಿತು. ಚಂಪಾ ಎಂಬ ಹೆಸರೂ ಹಾಗೆಯೇ ಇತ್ತು. ಶ್ರಾವಣ ಪೂರ್ತಿ ನೋಡಿದ್ದು ಮಾತ್ರ ಇರಲಿಲ್ಲ. ಫೋನಿನಲ್ಲಿ ಪಲ್ಲವಿ, "ಇರ್ಲಿ ಬಿಡು, ಆಯೀ, ನನಗೂ ಮೊದಲು ಹಿಂಗs ಆಗಿತ್ತು" ಎಂದಳು. ಅತ್ತೆಗೆ ನಾನು ಎಲ್ಲ ಹೇಳಿದೆ. ನೀರಿನದೂ ಹೋಯಿತು ಎಂದೆ.

"ಮಂಗಳವಾರ ಪಲ್ಲವೀನs ಗಾಡಿ ಹೊಡೆದಿದ್ರ ಮುಟ್ಟತಿತ್ತಲ್ಲ?" ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮುಟ್ಟತಿತ್ತು, ಅತ್ಯಾ."

ಅವರು ಗೋಡೆಯ ಕಡೆ ತಿರುಗಲಿಲ್ಲ. ಸೂರು ನೋಡುತ್ತ ಮಲಗಿದರು. ಕಣ್ಣು ತೆರೆದಿದ್ದವು.

ಮರುದಿನ ನಾನು ದೇವರ ಪಾತ್ರೆ ತೊಳೆಯುತ್ತಿದ್ದಾಗ ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತರು. ಒಬ್ಬರೇ ಕೋಣೆ ಬಿಟ್ಟು ಬಂದದ್ದು ಆಷಾಢದ ನಂತರ ಅದೇ ಮೊದಲು.

"ಆ ಡಾಕ್ಟರಿಗೆ ಫೋನ್ ಹಚ್ಚು. ಯಾವಾಗ ಬರ್ರಿ ಅಂತಾರ ಕೇಳು."

ಕೈ ಒರೆಸಿಕೊಂಡು ಫೋನ್ ಮಾಡಿದೆ. ಆಸ್ಪತ್ರೆಯ ಹುಡುಗಿ ಬರುವ ಮಂಗಳವಾರ ಬನ್ನಿ ಎಂದಳು, ಅದು ಬಿಟ್ಟರೆ ಬಹಳ ಮುಂದಕ್ಕೆ ಹೋಗುತ್ತದೆ ಎಂದಳು. ನಾನು ಫೋನಿಗೆ ಅಂಗೈ ಮುಚ್ಚಿ ಹೇಳಿದೆ, "ಮಂಗಳವಾರ ಅಂತಾರ, ಅತ್ಯಾ. ಅದೂ ಪಕ್ಷದಾಗ ಬರ್ತದ." ಪಿತೃಪಕ್ಷದ ಹದಿನೈದು ದಿನ ನಮ್ಮಲ್ಲಿ ಹೊಸ ಸೀರೆಯ ಮಡಿಕೆಯನ್ನೂ ಬಿಚ್ಚುವುದಿಲ್ಲ.

"ಬರ್ತೇವಿ ಅನ್ನು."

ಸಂಜೆ ಶಾಲೆಯಿಂದ ಬಂದ ಇವರಿಗೆ ಹೇಳಿದೆ. ಇವರು ಚಹಾದ ಕಪ್ಪು ಹಿಡಿದುಕೊಂಡೇ ತಾಯಿಯ ಹತ್ತಿರ ಹೋದರು. "ಅವ್ವಾ, ಮಂಗಳವಾರ ಅದ. ಬೇಕಾದ್ರ ನಾ ಮಾತಾಡಿ..."

"ಯಾವ ವಾರ ಅಂತ ನನಗ ಗೊತ್ತದ. ಒಂದು ಮಂಗಳವಾರ ಕಾದು ನೋಡೇನಿ. ಸಾಕು." ಆಮೇಲೆ, "ಚಹಾ ಆರ್ತದ, ಕುಡಿ" ಎಂದರು.

ವಿಜಯಪುರಕ್ಕೆ ಹೋದೆವು. ಆಪರೇಶನ್ ಸುಸೂತ್ರವಾಯಿತು. ಹೊರಬಂದ ಡಾಕ್ಟರು ನಮ್ಮನ್ನು ಕರೆದು, ಆಷಾಢದಲ್ಲಿ ನೋಡಿದಾಗ ಇದ್ದಷ್ಟು ಈಗ ಉಳಿದಿಲ್ಲ, ಆದರೆ ಇರುವುದು ಇನ್ನು ನಿಲ್ಲಬಹುದು, ಇನ್ನಷ್ಟು ಕಾದಿದ್ದರೆ ನಿಲ್ಲಿಸಲು ಏನೂ ಇರುತ್ತಿರಲಿಲ್ಲ ಎಂದರು. ಆಸ್ಪತ್ರೆಯಲ್ಲಿ ನರ್ಸ್ ಬಿಸಿ ಹಾಲು ತಂದಾಗ ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡೇ ಮೂಸಿ ನೋಡಿ ದೂರ ಸರಿಸಿದರು.

"ಹಾಲು ಬ್ಯಾಡವಾ. ಚಾತುರ್ಮಾಸ ನಡದದ. ಈ ತಿಂಗಳು ಕ್ಷೀರವ್ರತ, ಹಾಲು ಮುಟ್ಟೂದಿಲ್ಲ."

"ಇಂಥಾದ್ರಾಗ ಏನ್ ವ್ರತಾ ಅಜ್ಜಿ, ಮೈಯಾಗ ಕಸುವು ಬೇಕಲ್ಲ?" ಎಂದಳು ನರ್ಸ್.

"ವಾರ ಬಿಟ್ಟೇನಿ. ವ್ರತಾನೂ ಬಿಡಸ್ತೀ ಏನು?" ಎಂದರು. ನರ್ಸ್ ಗಂಜಿ ತಂದು ಕೊಟ್ಟಳು. ಒಳ್ಳೆಯ ಹುಡುಗಿ.

ದೀಪಾವಳಿಗೆ ಪಲ್ಲವಿ ಬಂದಳು. ಕ್ಷೀರವ್ರತ ಮುಗಿದು ಮನೆಯಲ್ಲಿ ಹಾಲು ಮತ್ತೆ ಸುರುವಾಗಿತ್ತು. ಅತ್ತೆ ಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಅಂಗಳಕ್ಕೆ ಬರತೊಡಗಿದ್ದರು. ರಂಗೋಲಿ ಹಾಕಲಾಗುತ್ತಿರಲಿಲ್ಲ. ಆದರೆ ತುಳಸಿಯ ಮುಂದೆ ನಿಂತು, ತಲೆಯನ್ನು ಸಾವಕಾಶ ಅತ್ತಿತ್ತ ತಿರುಗಿಸಿ, ದೀಪ ಸಿಕ್ಕಿದಲ್ಲಿ ನಿಲ್ಲಿಸುತ್ತಿದ್ದರು. ಅದು ನಮ್ಮ ಸ್ಕ್ಯಾನರಿನ ದುಂಡು ಗುರುತಿನ ಹಾಗೆಯೇ ಇತ್ತು. ಸುತ್ತಲೂ ಕತ್ತಲೆ, ನಡುವೆ ಸಿಕ್ಕಿದ್ದಷ್ಟೇ ಕಾಣುವುದು.

ಪಾಡ್ಯದ ದಿನ ಊಟವಾದ ಮೇಲೆ ಪಲ್ಲವಿ ಲ್ಯಾಪ್‌ಟಾಪ್ ನಡುಮನೆಗೆ ತಂದಳು. ಹೊಸ ಗಾಡಿಯನ್ನು ಅವಳು ಹಾಸ್ಟೆಲಿನಲ್ಲಿ ಕುಳಿತು ಮತ್ತೆ ಅದೇ ನಕ್ಷತ್ರಕ್ಕೆ ಒಯ್ದು ನಿಲ್ಲಿಸಿದ್ದಳು. ನಮಗೆ ಹೇಳಿರಲಿಲ್ಲ. ಗಾಡಿಯ ಮುಖ ಮೊದಲೇ ತಿರುಗಿಸಿ ಇಟ್ಟಿದ್ದಳು. "ಆಯೀ, ನೀ ತಿರುಗಿಸು" ಎಂದಳು. ಹಾಲು ಒಲೆಯ ಮೇಲಿಟ್ಟು ಬಂದು ಕುಳಿತೆ. ಕಡ್ಡಿ ಸರಿಸುತ್ತ ಹೋದೆ. ಕಲ್ಲಿನದು, ಮತ್ತೊಂದು ಕಲ್ಲಿನದು. ಆಮೇಲೆ ಕೊಡ ತುಂಬುವ ಸದ್ದು.

"ಹಾಂ" ಎಂದರು ಅತ್ತೆ. ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ತಲೆಯನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಸ್ವಲ್ಪ ಮೇಲೆ ಮಾಡಿದರು. ನಿಂತರು.

"ಸಿಕ್ತು. ನೀಲಿ ಅದ."

ಬಾಗಿಲ ಬಳಿ ಇವರೂ ಬಂದು ನಿಂತಿದ್ದರು.

"ಮೋಡಾನೂ ಅವ. ಅರಳಿ ಹಿಂಜಿಟ್ಟಂಗ" ಎಂದರು ಅತ್ತೆ. ಆಮೇಲೆ ಕೇಳಿದರು, "ಹೆಸರು ಯಾರದು ಅದ?"

ಪಲ್ಲವಿ ನನ್ನ ಮುಖ ನೋಡಿದಳು. ಗ್ರಹದ ಕೆಳಗೆ ಯಾರದೋ ಪರದೇಶದವರ ಹೆಸರು ಇತ್ತು. ನಾವು ಕಳೆದುಕೊಂಡ ಮೇಲೆ ಯಾರೋ ಆ ದಾರಿಯಲ್ಲಿ ಬಂದು, ನೋಡಿ, ಹೋಗಿ ಒಪ್ಪಿಸಿದ್ದರು. ಅತ್ತೆಗೆ ಅಷ್ಟು ಸಣ್ಣ ಅಕ್ಷರ ಓದಲಾಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ತಲೆ ಅಲ್ಲಾಡಿಸಿದೆ, ಇದ್ದದ್ದನ್ನೇ ಹೇಳು ಎಂದು.

"ಬ್ಯಾರೆಯವರದು, ಅಜ್ಜಿ."

"ಇರ್ಲಿ" ಎಂದರು ಅತ್ತೆ. ಪರದೆಯಿಂದ ಮುಖ ತೆಗೆಯಲಿಲ್ಲ. "ಅವರು ಹೊತ್ತಿಗೆ ಸ್ಟ್ಯಾಂಡ್ ಮುಟ್ಟಿದ್ರು." ಸ್ವಲ್ಪ ಹೊತ್ತಿನ ಮೇಲೆ ಅಂದರು, "ನಾನೂ ಮುಟ್ಟೇನಿ. ತಡಾ ಮಾಡಿದೆ, ಆದ್ರೂ ಮುಟ್ಟೇನಿ."

ಅಷ್ಟರಲ್ಲಿ ಹಾಲು ಸೀದ ವಾಸನೆ ಬಂತು. ನಾನು ಏಳಲು ಹೋದೆ. ಕೈ ಅಲುಗಿ ನೀಲಿ ಗ್ರಹ ಪರದೆಯಲ್ಲಿ ಜಾರಿತು.

"ಏ ರಮಾ, ಕೈ ತಗೀಬ್ಯಾಡ. ತಪ್ಪಿದ್ರ ಮತ್ತ ಹುಡುಕಬೇಕಾಗ್ತದ. ಹಾಲು ನಾಳೆನೂ ಬರ್ತದ."

ಗ್ಯಾಸ್ ಆರಿಸಲು ಪಲ್ಲವಿ ಅಡಿಗೆಮನೆಗೆ ಓಡಿದಳು. ಮುರಿದ ಕಾಲಿನ ಮೇಲೆ ಅವಳು ಓಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾನು ಮತ್ತೆ ಕುಳಿತು ಗ್ರಹವನ್ನು ದುಂಡು ಗುರುತಿನ ನಡುವೆ ತಂದು ನಿಲ್ಲಿಸಿದೆ. ಮನೆಯ ತುಂಬ ಸೀದ ಹಾಲಿನ ಹೊಗೆ ಹರಡಿತು. ಅತ್ತೆ ಸಾಕು ಎನ್ನುವವರೆಗೆ ಕೈ ಅಲುಗಿಸದೆ ಹಿಡಿದಿದ್ದೆ.